ಕೊಂಕಣಿ ಗುಂಪಿನಲ್ಲಿ ಅಕ್ಕ ಏನು ಮಾತಾಡಿಯಾಳು?

ಪ್ರಶ್ನೆ: ನಮ್ಮಕ್ಕ ಗೋವಾದ ವಾಸ್ಕೋದಾಗ ಗೌಂಡಿ ಕೈಕೆಳಗ ಕೆಲಸ ಮಾಡ್ತಾಳ್ರಿ. ಎದಿ ಕ್ಯಾನ್ಸರ್ ಆಪರೇಶನ್ ಆಗೇತಿ, ಕಿಮೋ ನಡದೈತಿ. ದವಾಖಾನ್ಯಾಗ ಸಪೋರ್ಟ್ ಗ್ರೂಪಿಗೆ ಬಾ ಅಂತಾರ. ‘ಎಲ್ಲಾರೂ ಕೊಂಕಣಿ ಮಾತಾಡ್ತಾರ, ನಾ ಹೋಗಿ ಏನ್ ಮಾಡ್ಲಿ’ ಅಂತಾಳ. ಹೋಗೂದು ಜರೂರ ಐತೇನ್ರಿ?
(ಬಸವನ ಬಾಗೇವಾಡಿ ತಾಲೂಕಿನ ಓದುಗರು)

ಉತ್ತರ: ಜರೂರು ಅನ್ನಲಾರೆ. ಸಪೋರ್ಟ್ ಗ್ರೂಪ್ ಎಂದರೆ ಅದೇ ರೋಗದವರು ಕೂಡಿ ಕಷ್ಟಸುಖ ಹೇಳಿಕೊಳ್ಳುವ ಗುಂಪು. ಹೊಂದುವ ಗುಂಪು ಸಿಕ್ಕರೆ ಬಿಡಬೇಡಿ. ಗುಂಪಿಗೆ ಹೋದವರು ಹೆಚ್ಚು ಕಾಲ ಬದುಕಿದರೆಂದು 1989ರಲ್ಲಿ ಅಮೆರಿಕದ ಡೇವಿಡ್ ಸ್ಪೀಗಲ್ ತಂಡ ಬರೆದಿತ್ತು. ಆದರೆ ರೋಗ ಹರಡಿದ್ದ 235 ಹೆಂಗಸರ ಮೇಲೆ ಕೆನಡಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಯುಷ್ಯವೇನೂ ಹೆಚ್ಚಲಿಲ್ಲ. ದುಗುಡ ಮಾತ್ರ ತಗ್ಗಿತು, ನೋವಿನ ಬಾಧೆ ಕಡಿಮೆಯಾಯಿತು. ಬಹಳ ಕುಗ್ಗಿದವರಿಗೇ ಹೆಚ್ಚು ಲಾಭ.

ಆ ಲಾಭ ಬಾಯಿಬಿಟ್ಟು ಮಾತಾಡಿದಾಗಲೇ ಬರುವುದು. ಎದೆಯ ಗಾಯ, ಉದುರಿದ ಕೂದಲು, ಗಂಡನ ಮೌನ, ಇವನ್ನೆಲ್ಲ ಅರೆಬರೆ ಬರುವ ಭಾಷೆಯಲ್ಲಿ ಯಾರು ಹೇಳಿಕೊಂಡಾರು? ನಿಮ್ಮಕ್ಕನ ಹಿಂಜರಿಕೆ ನ್ಯಾಯವಾದದ್ದೇ. ಭಾಷೆಯೊಂದು ಕೂಡಿದರೂ ಸಾಲದು. ರೊಟ್ಟಿ ಎಂದಿನಿಂದ ಬಡಿಯಬಹುದು, ಸಿಮೆಂಟ್ ಬುಟ್ಟಿ ಮತ್ತೆ ಹೊರಲಾದೀತೇ, ಕುಪ್ಪಸದೊಳಗೆ ಅರಿವೆ ಹೇಗಿಟ್ಟುಕೊಳ್ಳಬೇಕು, ಕಂಕುಳ ಗಂಟು ತೆಗೆದ ಕಡೆಯ ಕೈಗೆ ಬಿಗಿ ಬಳೆ ಹಾಕಬಹುದೇ (ಬೇಡ, ಕೈ ಬಾತರೆ ತೊಂದರೆ): ಅವಳ ಪ್ರಶ್ನೆಗಳು ಇಂಥವು. ಕೂಲಿ ಮಾಡಿಯೇ ಬದುಕುವ, ಅದೇ ಆಪರೇಶನ್ ಆದ ಇನ್ನೊಬ್ಬಾಕೆಗೆ ಇವು ಅರ್ಥವಾಗುತ್ತವೆ.

ಹಾಗೆಂದು ಸ್ವಂತ ಊರವರ ಗುಂಪು ಹುಡುಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ವಾಸ್ಕೋ, ಝುವಾರಿನಗರದ ಓಣಿಗಳಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರು ಬಹಳ. ಅಲ್ಲಿ ಆಡಿದ ಮಾತು ಸಂಜೆಯೊಳಗೆ ಫೋನಿನಲ್ಲಿ ಊರ ಅಗಸಿ ಮುಟ್ಟುತ್ತದೆ. ಕ್ಯಾನ್ಸರ್ ಅಂಟುರೋಗವಲ್ಲ, ಆದರೂ ಮಗಳ ಲಗ್ನಕ್ಕೆ ಅಡ್ಡಿಯಾದೀತೆಂಬ ಅಂಜಿಕೆ ತಾಯಂದಿರ ಬಾಯಿ ಕಟ್ಟುತ್ತದೆ. ಕನ್ನಡದವರೇ ಇರಲಿ, ಬೇರೆ ತಾಲೂಕಿನವರಾದರೆ ಒಳ್ಳೆಯದು.

ಮೂವರು ಸೇರಿದರೂ ಅದು ಗುಂಪೇ. ಕಿಮೋಕ್ಕೆ ಬರುವ ಕನ್ನಡದ ಹೆಂಗಸರಿದ್ದಾರೆಯೇ ಎಂದು ದವಾಖಾನೆಯ ಸಮಾಜ ಕಾರ್ಯಕರ್ತೆಯನ್ನು ಅಥವಾ ನರ್ಸನ್ನು ಕೇಳಿ. ಆ ಹೆಂಗಸರ ಒಪ್ಪಿಗೆ ಪಡೆದು ಪರಿಚಯ ಮಾಡಿಸಲಿ. ಕಿಮೋ ದಿನವೇ ಕೂತು ಮಾತಾಡಿದರೆ ಇನ್ನೊಂದು ದಿನದ ಪಗಾರ ಹೋಗುವುದಿಲ್ಲ. ಓದು ಬಾರದವರಿಗೆ ವಾಟ್ಸಾಪಿನ ಧ್ವನಿ ಸಂದೇಶ ಸಾಕು, ಆದರೆ ಫೋನು ಮನೆಯಲ್ಲಿ ಯಾರ ಕೈಯಲ್ಲಿರುತ್ತದೆಂದು ಮೊದಲು ವಿಚಾರಿಸಿಕೊಳ್ಳಿ. ಗುಂಪಿನಲ್ಲಿ ಯಾರಾದರೂ ‘ಕಿಮೋ ಬಿಡು, ನಾಟಿ ಔಷಧ ತಗೋ’ ಎಂದರೆ ಡಾಕ್ಟರರನ್ನು ಕೇಳದೆ ಒಪ್ಪಬಾರದು.

ರಾತ್ರಿ ನಿದ್ದೆ ಬಾರದೆ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.