ಮೊಲಕ್ಕೆ ಆಪರೇಷನ್ನೋ, ಕೊನೆಯ ಇಂಜೆಕ್ಷನ್ನೋ?

ದಾವಣಗೆರೆಯಂಥ ಊರಿನಲ್ಲಿ ಪಶುವೈದ್ಯ ಎಂದರೆ ಜನರ ಕಣ್ಣ ಮುಂದೆ ಬರುವುದು ಎಮ್ಮೆ, ಹಸು, ಕುರಿ, ಈಚೆಗೆ ನಾಯಿ. ಮೊಲ ಎತ್ತಿಕೊಂಡು ಬಂದವರು ಬಾಗಿಲಲ್ಲೇ ನಿಂತು, "ಇದನ್ನೂ ನೋಡ್ತೀರೇನ್ರಿ ಸರ್?" ಎಂದು ಕೇಳುತ್ತಾರೆ. ಮಕ್ಕಳ ಹಟಕ್ಕೆ ತಂದ ಜೋಡಿ ಐದಾರು ವರ್ಷ ಮನೆಯಲ್ಲಿ ಓಡಾಡಿ ಕಾಯಿಲೆ ಬಿದ್ದಾಗ ಮನೆಯಲ್ಲಿ ಎರಡು ಪಕ್ಷವಾಗಿರುತ್ತದೆ. ಮಗಳು ಆಪರೇಷನ್ ಅನ್ನುತ್ತಾಳೆ. ಅಪ್ಪ ಇಂಜೆಕ್ಷನ್ ಕೊಡಿಸಿ ಮುಗಿಸೋಣ ಅನ್ನುತ್ತಾರೆ. ಜೊತೆಗೆ ಬಂದ ಅಜ್ಜಿಯದು ಮೂರನೆಯ ಮಾತು: "ಎರಡೂ ಬ್ಯಾಡ್ರಿ, ಅದರ ಪಾಡಿಗೆ ಅದು ಹೋಗ್ಲಿ ಬಿಡ್ರಿ." ಕೇಳಲು ತುಂಬ ಮೆದುವಾದ ಮಾತು. ನನ್ನ ತಕರಾರು ಇರುವುದು ಅದರ ಮೇಲೇ.

ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಪ್ರಾಣಿ. ನೋವಾದರೆ ಕೂಗುವುದಿಲ್ಲ, ಮುದುಡಿ ಕೂರುತ್ತದೆ. ಅದರ ಕರುಳು ಸದಾ ನಡೆಯುತ್ತಿರಬೇಕು. ಮೇವು ಬಿಟ್ಟಿತೆಂದರೆ ಕರುಳು ನಿಧಾನವಾಗಿ, ಗಾಳಿ ತುಂಬಿ, ಆ ನೋವಿಗೆ ಮತ್ತಷ್ಟು ಮೇವು ಬಿಡುತ್ತದೆ. ವಾಂತಿ ಮಾಡಿಕೊಂಡು ಹಗುರಾಗೋಣ ಎಂದರೆ ಅದಕ್ಕೆ ವಾಂತಿಯೇ ಬರುವುದಿಲ್ಲ. ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುತ್ತದೆ. "ಅದರ ಪಾಡಿಗೆ ಹೋಗುವುದು" ಎಂದರೆ ಕೆಲವು ದಿನ ಹೊಟ್ಟೆನೋವಿನಲ್ಲಿ ಉಪವಾಸ ಬಿದ್ದು ಸಾಯುವುದು. ನೋವಿದೆಯೋ ಇಲ್ಲವೋ ಎಂಬುದು ಮುಖದಲ್ಲೇ ತಿಳಿಯುತ್ತದೆ: ಕಣ್ಣು ಅರೆಮುಚ್ಚಿರುತ್ತದೆ, ಕೆನ್ನೆ ಚಪ್ಪಟೆಯಾಗಿರುತ್ತದೆ, ಮೂಗಿನ ಹೊಳ್ಳೆ ಚೂಪಾಗಿರುತ್ತದೆ, ಮೀಸೆ ಬಿಗಿದಿರುತ್ತದೆ, ಕಿವಿ ಸುರುಳಿಯಾಗಿ ಹಿಂದಕ್ಕೆ ವಾಲಿರುತ್ತದೆ. ಈ ಐದನ್ನೂ ನೋಡಿ ನೋವು ಅಳೆಯುವ ಕ್ರಮವೊಂದು 2012ರಿಂದ ಬಳಕೆಯಲ್ಲಿದೆ. ಮನೆಯಲ್ಲೇ ನೋಡಬಹುದು, ಖರ್ಚಿಲ್ಲ.

ವಿದ್ಯಾನಗರದಿಂದ ಬಂದ ಐದು ವರ್ಷದ ಹೆಣ್ಣು ಮೊಲವೊಂದರ ವಿಷಯ ಹೇಳುತ್ತೇನೆ. ಪಂಜರದಲ್ಲಿ ಹಾಸಿದ್ದ ಪೇಪರಿನ ಮೇಲೆ ಕೆಂಪು ಉಚ್ಚೆ. ಮೊಲದ ಉಚ್ಚೆ ಕೆಲವು ಸೊಪ್ಪು ತಿಂದಾಗಲೂ ಬಣ್ಣ ತಿರುಗುತ್ತದೆ, ಹಾಗಾಗಿ ಮೊದಲು ರಕ್ತವಿದೆಯೇ ಎಂದು ತೋರಿಸುವ ಪರೀಕ್ಷೆಯ ಪಟ್ಟಿಯನ್ನು ಉಚ್ಚೆಯಲ್ಲಿ ಅದ್ದಿ ನೋಡಬೇಕು. ಅದರಲ್ಲಿ ರಕ್ತವೇ ಬಂತು, ಪೇಪರಿನಲ್ಲಿ ಹೆಪ್ಪೂ ಇತ್ತು. ಹೊಟ್ಟೆ ಒತ್ತಿದರೆ ಗರ್ಭಕೋಶದಲ್ಲಿ ಗಂಟುಗಳು ಬೆರಳಿಗೆ ಸಿಕ್ಕವು. ಸಂತಾನಹರಣ ಮಾಡಿಸದ ಹೆಣ್ಣು ಮೊಲಗಳಿಗೆ ಮೂರು-ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ಬರುವುದು ಸಾಮಾನ್ಯ. ಅದು ನಿಧಾನಕ್ಕೆ ಬೆಳೆದು ಕೊನೆಗೆ ಶ್ವಾಸಕೋಶಕ್ಕೆ ಹಬ್ಬುತ್ತದೆ. ಆದ್ದರಿಂದ ಹೊಟ್ಟೆಯ ಆಪರೇಷನ್ ಬೇಕೋ ಬೇಡವೋ ಎಂದು ಹೇಳುವುದು ಎದೆಯ ಎಕ್ಸ್‌ರೇ. ಎದೆ ಶುದ್ಧವಾಗಿದ್ದರೆ ಗರ್ಭಕೋಶ ತೆಗೆದ ಮೇಲೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಎದೆಯಲ್ಲಿ ಚುಕ್ಕೆ ಕಂಡರೆ ಹೊಟ್ಟೆ ಕೊಯ್ದು ಪ್ರಯೋಜನವಿಲ್ಲ. ತಿನ್ನುವಷ್ಟು ದಿನ ನೋವಿನ ಔಷಧಿ ಕೊಟ್ಟು, ಉಸಿರು ಕಷ್ಟವಾಗುವ ಮೊದಲೇ ದಯಾಮರಣಕ್ಕೆ ಒಪ್ಪಬೇಕು. ಇದರ ಎದೆ ಶುದ್ಧವಾಗಿತ್ತು.

ಅರಿವಳಿಕೆಯ ಅಪಾಯವನ್ನು ನಾನು ಮುಚ್ಚಿಡುವುದಿಲ್ಲ. ಬ್ರಿಟನ್ನಿನಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆ ಕೊಟ್ಟ 48 ಗಂಟೆಯೊಳಗೆ ಆ ಕಾರಣಕ್ಕೆ ಸತ್ತ ನಾಯಿಗಳು ಶೇ. 0.17, ಮೊಲಗಳು ಶೇ. 1.39. ಮೊದಲೇ ಕಾಯಿಲೆಯಲ್ಲಿದ್ದ ಮೊಲಗಳನ್ನಷ್ಟೇ ತೆಗೆದುಕೊಂಡರೆ ಶೇ. 7ಕ್ಕೂ ಹೆಚ್ಚು. ಹೆಚ್ಚಿನವು ಸತ್ತದ್ದು ಟೇಬಲ್ಲಿನ ಮೇಲಲ್ಲ, ಆಪರೇಷನ್ ಮುಗಿದ ನಂತರ. ಎರಡು ಕೆ.ಜಿ. ಮೊಲದ ಮೈಯಲ್ಲಿರುವ ರಕ್ತವೇ ಸುಮಾರು 120 ಮಿ.ಲೀ.; ಸ್ವಲ್ಪ ಹೋದರೂ ಕಷ್ಟ, ಮೈ ತಣ್ಣಗಾದರೂ ಕಷ್ಟ. ಇನ್ನೊಂದು ಮಾತು: ನಾಯಿಯಂತೆ ಮೊಲವನ್ನು ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಯಾರಾದರೂ ಹಾಗೆ ಹೇಳಿದರೆ ಅವರಿಗೆ ಮೊಲದ ಅಭ್ಯಾಸ ಕಡಿಮೆ ಎಂದೇ ಅರ್ಥ.

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ದುಡ್ಡಿನದಲ್ಲ, ವಯಸ್ಸಿನದೂ ಅಲ್ಲ. "ಆಪರೇಷನ್ ಆದ ಮೇಲೆ ರಾತ್ರಿ ಯಾರು ಏಳ್ತೀರಿ?" ತಾನಾಗಿ ತಿನ್ನುವವರೆಗೆ ಮೂರು-ನಾಲ್ಕು ತಾಸಿಗೊಮ್ಮೆ ನೆನೆಸಿ ಅರೆದ ಮೇವನ್ನು ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಪಕ್ಕದಿಂದ ತಿನ್ನಿಸಬೇಕು, ನೋವಿನ ಔಷಧಿ ತಪ್ಪಿಸಬಾರದು, ಹಿಕ್ಕೆ ಬಿತ್ತೇ ಎಂದು ನೋಡಬೇಕು. ಆ ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು "ನಾನ್ ಏಳ್ತೀನಿ ಸರ್" ಅಂದಳು, ಎದ್ದಳು. ಗಂಡ-ಹೆಂಡತಿ ಇಬ್ಬರೂ ಬೆಳಗ್ಗೆ ಹೋಗಿ ರಾತ್ರಿ ಬರುವ ಮನೆಯಾದರೆ, ಎಷ್ಟೇ ಪ್ರೀತಿಯಿದ್ದರೂ ನನ್ನ ಸಲಹೆ ಬದಲಾಗುತ್ತದೆ.

ದುಡ್ಡಿನ ಮಾತು ಬಂದಾಗ ತಲೆ ತಗ್ಗಿಸಬೇಕಿಲ್ಲ. ಮೊಲ ತಂದ ಬೆಲೆಯ ಎಷ್ಟೋ ಪಟ್ಟು ಆಪರೇಷನ್ನಿಗೇ ಹೋಗುತ್ತದೆ. ಇಲ್ಲಿ ಆಗದ್ದಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ. ಆದರೆ ಬೇಸಿಗೆಯ ಮಧ್ಯಾಹ್ನ ಬಸ್ಸಿನಲ್ಲಿ ಒಯ್ದರೆ ಕಾಯಿಲೆಗಿಂತ ಮೊದಲು ಬಿಸಿಲೇ ಕೊಂದೀತು. ಹೋಗುವುದಾದರೆ ನಸುಕಿನಲ್ಲಿ ಹೊರಡಿ.

ನಾನೇ ದಯಾಮರಣದ ಕಡೆ ವಾಲುವ ಕಾಯಿಲೆಯೂ ಒಂದಿದೆ: ಹಲ್ಲಿನ ಬುಡದ ಕೀವುಗಂಟು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಹುಲ್ಲು ಅಗಿದೇ ಸವೆಯಬೇಕು. ನಮ್ಮೂರಲ್ಲಿ ಅದಕ್ಕೆ ಸಿಗುವುದು ಮಂಡಕ್ಕಿ, ಬಿಸ್ಕತ್ತು, ಕ್ಯಾರೆಟ್ಟು. (ಗರಿಕೆ ಪುಕ್ಕಟೆ ಸಿಗುತ್ತದೆ, ಯಾರೂ ಕೀಳುವುದಿಲ್ಲ.) ದವಡೆಯಲ್ಲಿ ಕೀವು ಕಟ್ಟಿದರೆ ಅದು ನಾಯಿಯದರಂತೆ ನೀರಾಗಿ ಹರಿಯುವುದಿಲ್ಲ, ಗಟ್ಟಿಯಾಗಿರುತ್ತದೆ. ಚೀಲಸಮೇತ ಕಿತ್ತರೂ ಮರಳಿ ಬರುವುದುಂಟು. ಮೊದಲ ಸಲಕ್ಕೆ ಆಪರೇಷನ್ ಮಾಡುತ್ತೇನೆ. ಮೂಳೆಯೇ ಕೊಳೆತು ಎರಡನೆಯ ಸಲ ಬಂದರೆ, ಬೇಡ ಅನ್ನುತ್ತೇನೆ. ಮೆಡಿಕಲ್ ಸ್ಟೋರಿನಿಂದ ಅಮಾಕ್ಸಿಸಿಲಿನ್ ತಂದು ಬಾಯಿಗೆ ಹಾಕುವುದಂತೂ ಕೂಡದು. ಕರುಳಿನ ಒಳ್ಳೆಯ ಜೀವಾಣುಗಳು ಸತ್ತು ಮೊಲವೂ ಸತ್ತೀತು.

"ಪಾಪ ಬರಲ್ವಾ ಸರ್?" ಎಂದು ಕೇಳುವವರಿಗೆ ದಯಾಮರಣ ಕೊಡುವ ರೀತಿಯನ್ನು ಹೇಳುತ್ತೇನೆ. ಮೊದಲು ಮಂಪರಿನ ಔಷಧಿ. ಪೂರ್ತಿ ನಿದ್ದೆ ಹೋದ ಮೇಲೆ ಕಿವಿಯ ರಕ್ತನಾಳಕ್ಕೆ ಅರಿವಳಿಕೆಯ ಮಿತಿಮೀರಿದ ಪ್ರಮಾಣ. ತೊಡೆಯ ಮೇಲೆ ಇಟ್ಟುಕೊಂಡೇ ಕೂರಬಹುದು. ನಂತರ ಒಂದೆರಡು ಸಲ ಮೈ ಅದುರಿದರೆ, ಕಣ್ಣು ತೆರೆದೇ ಉಳಿದರೆ ಗಾಬರಿ ಬೇಡ, ಆಗ ಅದಕ್ಕೆ ಏನೂ ತಿಳಿಯುವುದಿಲ್ಲ.

ಹೂಳುವುದಾದರೆ ಆಳವಾಗಿ ಹೂಳಿ. ಮೈಯಲ್ಲಿ ಔಷಧಿ ಉಳಿದಿರುತ್ತದೆ, ಬೀದಿನಾಯಿ ಕೆದರಿ ತಿಂದರೆ ಅದಕ್ಕೂ ವಿಷ. ಜೋಡಿಯ ಇನ್ನೊಂದು ಮೊಲವಿದ್ದರೆ ಹೂಳುವ ಮುಂಚೆ ದೇಹವನ್ನು ಅದರ ಮುಂದೆ ಸ್ವಲ್ಪ ಹೊತ್ತು ಇಡಿ, ಮೂಸಿ ನೋಡಲಿ. ಮುಂದಿನ ಕೆಲವು ದಿನ ಅದು ತಿನ್ನುತ್ತಿದೆಯೇ ಎಂದು ಗಮನಿಸಿ. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ಬೀಳದಿದ್ದರೆ, ಮರುದಿನಕ್ಕೆ ಕಾಯದೆ ಅದನ್ನೂ ಕರೆತನ್ನಿ.