ಎರಡನೆಯ ಗುಳಿಗೆಗಾಗಿ ಕಾಯಬೇಡಿ

ಕಾಸರಗೋಡಿನ ಪೆರ್ಲದ ಕಡೆಯ ಬೀಡಿ ಕಟ್ಟುವ ಹೆಣ್ಣುಮಗಳೊಬ್ಬಳು ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಕಾಗದದ ಪೊಟ್ಟಣ ಬಿಚ್ಚಿದಳು. ಒಳಗೆ ಅರ್ಧ ಗುಳಿಗೆ, ಅಸುರಕ್ಷಿತ ಸಂಭೋಗದ ನಂತರ ಗರ್ಭ ನಿಲ್ಲದಂತೆ ನುಂಗುವ ತುರ್ತು ಗರ್ಭನಿರೋಧಕದ್ದು. ಉಳಿದರ್ಧವನ್ನು ಹಿಂದಿನ ರಾತ್ರಿ ಒಂಬತ್ತಕ್ಕೆ ನುಂಗಿದ್ದಳು. ‘ಹನ್ನೆರಡು ಗಂಟೆ ಬಿಟ್ಟು ಇನ್ನೊಂದು’ ಎಂದು ಅಕ್ಕ ಹೇಳಿದ್ದಳಂತೆ. ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕದಲಲಿಲ್ಲ. ಹೊತ್ತು ಮೀರಿತೆಂದು ಹೆದರಿ ಬಸ್ಸು ಹತ್ತಿ ಬಂದಿದ್ದಳು. ಆ ಅರ್ಧವನ್ನು ಅಲ್ಲಿಯೇ ನೀರು ಕೊಟ್ಟು ನುಂಗಿಸಿದೆ.

ಅಕ್ಕ ಸುಳ್ಳು ಹೇಳಿರಲಿಲ್ಲ. ಅವಳ ಕಾಲದಲ್ಲಿ ಈ ಗುಳಿಗೆಯ ಔಷಧಿ ಲೆವೊನೊರ್ಜೆಸ್ಟ್ರೆಲ್ 0.75 ಮಿಲಿಗ್ರಾಂನ ಎರಡು ಗುಳಿಗೆಗಳಾಗಿ ಸಿಗುತ್ತಿತ್ತು, ನಡುವೆ ಹನ್ನೆರಡು ಗಂಟೆಯ ಅಂತರ. ತಂಗಿಯ ಕೈಗೆ ಸಿಕ್ಕಿದ್ದು 1.5 ಮಿಲಿಗ್ರಾಂನ ಒಂದೇ ಗುಳಿಗೆ, ಅದನ್ನೇ ಮುರಿದಿದ್ದಳು. ಅದಕ್ಕೂ ಹಿಂದಿನ ಯೂಜ್‌ಪೆ ಎಂಬ ಕ್ರಮದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಕೂಡ ಸೇರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 1998ರ ಅಧ್ಯಯನದಲ್ಲಿ ಆ ಕ್ರಮ ಅನುಸರಿಸಿದವರಲ್ಲಿ ಶೇ. 3.2ರಷ್ಟು ಮಂದಿ ಗರ್ಭಿಣಿಯರಾದರು, ಲೆವೊನೊರ್ಜೆಸ್ಟ್ರೆಲ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇ. 1.1. ಯೂಜ್‌ಪೆ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಓಕರಿಕೆ ಬೇರೆ.

2002ರಲ್ಲಿ ಅದೇ ಸಂಸ್ಥೆ 10 ದೇಶಗಳ 4,136 ಮಹಿಳೆಯರಲ್ಲಿ ನಡೆಸಿದ ಅಧ್ಯಯನ ಎರಡು ಗುಳಿಗೆಗಳ ಲೆಕ್ಕವನ್ನೂ ಮುಗಿಸಿತು. 1.5 ಮಿಲಿಗ್ರಾಂ ಒಮ್ಮೆಲೇ ನುಂಗಿದವರಲ್ಲಿ ಶೇ. 1.5 ಗರ್ಭ ನಿಂತಿತು, ಎರಡು ಕಂತಿನಲ್ಲಿ ಪಡೆದವರಲ್ಲಿ ಶೇ. 1.8. ಈ ಅಂತರ ದೊಡ್ಡದಲ್ಲ. ಆದರೆ ಕೂಡುಕುಟುಂಬದಲ್ಲಿ ಗುಟ್ಟಾಗಿ ಎರಡನೆಯ ಗುಳಿಗೆ ನುಂಗುವ ಕಷ್ಟವನ್ನು ಯಾವ ಶೇಕಡಾವಾರೂ ಹೇಳುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಮೊದಲನೆಯದಾದರೆ ಎರಡನೆಯದಕ್ಕೆ ನಡುರಾತ್ರಿ ಏಳಬೇಕು. ಅದನ್ನು ತಪ್ಪಿಸಲು ಮೊದಲನೆಯದನ್ನೇ ರಾತ್ರಿಯವರೆಗೆ ಮುಂದೂಡಿದವರನ್ನು ನಾನು ಕಂಡಿದ್ದೇನೆ. ನಿಜವಾಗಿ ಕೆಡುಕಾಗುವುದು ಅಲ್ಲಿಯೇ. ಈ ಔಷಧಿ ಅಂಡ ಬಿಡುಗಡೆಯಾಗುವುದನ್ನು ತಡೆದು ಹಿಂದೂಡುತ್ತದೆ. ಬಿಡುಗಡೆಯ ಹೊತ್ತು ತೀರಾ ಹತ್ತಿರವಾದರೆ ಅದರ ಕೈ ಸಾಗುವುದಿಲ್ಲ. ಇದು ಗರ್ಭ ತೆಗೆಯುವ ಗುಳಿಗೆಯಲ್ಲ. ನಿಂತ ಗರ್ಭಕ್ಕೆ ಇದರಿಂದ ಏನೂ ಆಗುವುದಿಲ್ಲ.

ಆದ್ದರಿಂದ 1.5 ಮಿಲಿಗ್ರಾಂನ ಗುಳಿಗೆಯನ್ನು ಮುರಿಯಬೇಡಿ. 0.75ರ ಎರಡಿದ್ದರೆ ಎರಡನ್ನೂ ಒಟ್ಟಿಗೆ ನುಂಗಿ, ಕೈಗೆ ಸಿಕ್ಕ ಕೂಡಲೇ. ಸಂಭೋಗವಾದ ಮೂರು ದಿನದೊಳಗೆ ಎಂದರೆ ಮೂರನೆಯ ದಿನದವರೆಗೆ ಕಾಯಬಹುದೆಂದು ಅರ್ಥವಲ್ಲ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ತೆಗೆದುಕೊಳ್ಳಿ. ಫಿಟ್ಸ್‌ಗೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್, ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುವವರು ಅದನ್ನು ವೈದ್ಯರಿಗೆ ಹೇಳಲೇಬೇಕು. ಆ ಔಷಧಿಗಳು ಇದರ ಬಲ ಕುಗ್ಗಿಸುತ್ತವೆ. ಅಂಥವರಿಗೆ ಐದು ದಿನದೊಳಗೆ ಗರ್ಭಕೋಶದೊಳಗೆ ಕಾಪರ್-ಟಿ ಹಾಕಿಸುವುದು ಎಲ್ಲಕ್ಕಿಂತ ಭದ್ರ. ಬೇರೆಯವರಿಗೂ ಅದಕ್ಕಿಂತ ಪರಿಣಾಮಕಾರಿ ದಾರಿ ಇನ್ನೊಂದಿಲ್ಲ.

ನಮ್ಮ ಗಡಿನಾಡಿನಲ್ಲಿ ಅಂಗಡಿಯವರು ಮಲೆಯಾಳದಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮನೆಯ ಮಾತು ತುಳು. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಕನ್ನಡದಲ್ಲಿ ಹೇಳಿಸಿಕೊಳ್ಳಿ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ.

ಮುಟ್ಟು ಒಂದು ವಾರ ತಡವಾದರೆ ಮೂತ್ರ ಪರೀಕ್ಷೆಗೆ ಬಾ ಎಂದು ಆ ಹೆಣ್ಣುಮಗಳಿಗೆ ಹೇಳಿ ಕಳುಹಿಸಿದೆ. ಅವಳು ಮತ್ತೆ ಬಂದಾಗ ಜೊತೆಗೆ ಅಕ್ಕನೂ ಇದ್ದಳು, ಕಾಪರ್-ಟಿಯ ವಿಷಯ ಕೇಳಲು.