ಒಂದೇ ರಾತ್ರಿಯಲ್ಲಿ ಟೊಮೆಟೊ ಯಾಕೆ ಬಿರಿಯುತ್ತದೆ?

ಪುಣೆಯಲ್ಲಿ ತಾರಸಿ ಮೇಲೆ ಟೊಮೆಟೊ ಬೆಳೆಸುವವರಿಗೆ ಅಕ್ಟೋಬರ್ ಬಂದರೆ ಆತಂಕ ಶುರು. ಜುಲೈ ಕೊನೆಗೆ ನೆಟ್ಟ ಸಸಿ ದಸರೆ ಹೊತ್ತಿಗೆ ಹಣ್ಣು ಬಿಡುತ್ತದೆ. ಆಗಲೇ ಇಲ್ಲಿ ಬಿಸಿಲು ಜೋರಾಗುತ್ತದೆ, ವಾರಗಟ್ಟಲೆ ಮಳೆ ಇರುವುದಿಲ್ಲ, ಸಿಮೆಂಟಿನ ತಾರಸಿ ಮಧ್ಯಾಹ್ನ ಕಾಲಿಡಲಾಗದಷ್ಟು ಕಾಯುತ್ತದೆ. ಆಮೇಲೆ ಒಂದು ಸಂಜೆ ಗುಡುಗು, ಮಿಂಚು, ಧೋ ಅಂತ ಮಳೆ. ಇಲ್ಲಿಯವರು ಇದನ್ನು ಪರತೀಚಾ ಪಾವುಸ್ ಅನ್ನುತ್ತಾರೆ, ಹಿಂದಿರುಗುವ ಮಳೆ. ಧಾರವಾಡದಲ್ಲಿರುವ ನಮ್ಮ ಅವ್ವನ ಲೆಕ್ಕದಲ್ಲಿ ಅದು ಚಿತ್ತಾ ಮಳೆ. ಹೆಸರು ಯಾವುದಾದರೂ ಆಗಲಿ, ಮರುದಿನ ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ ನಾಳೆ ಕೀಳೋಣ ಅಂತ ಬಿಟ್ಟಿದ್ದ ಕೆಂಪು ಹಣ್ಣುಗಳೆಲ್ಲ ತೊಟ್ಟಿನಿಂದ ಕೆಳಗೆ ಸೀಳಿಕೊಂಡು ನಿಂತಿರುತ್ತವೆ.

ಪಕ್ಕದ ಮನೆಯ ಆಜಿ ಜುನ್ನರ ತಾಲೂಕಿನ ಕಡೆಯವರು. ನಾರಾಯಣಗಾಂವ್‌ನ ದೊಡ್ಡ ಟೊಮೆಟೊ ಮಾರುಕಟ್ಟೆ ಇರುವ ಸೀಮೆ ಅದು. ಮೊದಲ ವರ್ಷ ನನ್ನ ಗಿಡ ನೋಡಿ ಅವರು ಒಂದೇ ಮಾತು ಹೇಳಿದರು, ನೀರು ಜಾಸ್ತಿ ಆಯಿತು ಅಂತ. ನಾನೂ ಹಾಗೇ ನಂಬಿದೆ. ಹಾಗಾಗಿ ಮರುವರ್ಷ ಮೋಡ ಕಂಡ ದಿನದಿಂದ ನೀರು ಹಾಕುವುದನ್ನೇ ನಿಲ್ಲಿಸಿದೆ. ಮಳೆ ಹೇಗೂ ಬರುತ್ತದೆ, ಮೊದಲೇ ಒಣಗಿಸಿಟ್ಟರೆ ಒಳ್ಳೆಯದು ಅನ್ನುವ ಲೆಕ್ಕಾಚಾರ. ಆ ವರ್ಷ ಇನ್ನೂ ಜಾಸ್ತಿ ಹಣ್ಣು ಬಿರಿದವು.

ಉತ್ತರ ಸಿಕ್ಕಿದ್ದು ಅದೇ ದೀಪಾವಳಿಯಲ್ಲಿ. ಐದು ದಿನ ಊರಿಗೆ ಹೋಗಿದ್ದೆ. ವಾಪಸ್ ಬಂದಾಗ ಗಿಡಗಳೆಲ್ಲ ಜೋತುಬಿದ್ದಿದ್ದವು. ಪಾಪ ಅನಿಸಿ ಸಂಜೆಯೇ ಒಂದೊಂದು ಚೀಲಕ್ಕೆ ಅರ್ಧ ಬಕೆಟ್ ನೀರು ಸುರಿದೆ. ಬೆಳಿಗ್ಗೆ ನೋಡಿದರೆ ಏಳು ಹಣ್ಣು ಸೀಳಿದ್ದವು, ಮಳೆಯಲ್ಲಿ ಆಗುವ ಹಾಗೇ. ಆ ವಾರ ಪುಣೆಯಲ್ಲಿ ಒಂದು ಹನಿ ಮಳೆ ಬಿದ್ದಿರಲಿಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದೆ. "ಹಸಿದವಗ ಒಮ್ಮೆಲೇ ಹೊಟ್ಟಿ ತುಂಬ ಉಣಿಸಿದಂಗ ಆತು ನೋಡು" ಅಂದಳು. ನಿಜಕ್ಕೂ ವಿಜ್ಞಾನ ಹೇಳುವುದೂ ಬಹುಮಟ್ಟಿಗೆ ಇದನ್ನೇ.

ಟೊಮೆಟೊ ಹಣ್ಣಿನ ತೂಕದಲ್ಲಿ ನೂರಕ್ಕೆ 94–95 ಭಾಗ ನೀರು. ಉಳಿದದ್ದರಲ್ಲಿ ದೊಡ್ಡ ಪಾಲು ಸಕ್ಕರೆ, ಜೊತೆಗೆ ಹುಳಿ ಆಮ್ಲ, ಲವಣ. ಈ ಸಕ್ಕರೆಯೇ ಇಲ್ಲಿ ಮುಖ್ಯ. ತಾಸಗಾಂವ್‌ನ ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ಹಾಕಿಟ್ಟರೆ ಬೆಳಿಗ್ಗೆ ಉಬ್ಬಿ ಗುಂಡಗಾಗಿರುತ್ತದೆ, ಅಲ್ವಾ? ಒಳಗೆ ಸಕ್ಕರೆ ದಟ್ಟವಾಗಿದೆ, ಹೊರಗೆ ಬರೀ ನೀರು, ಹಾಗಾಗಿ ನೀರು ಸಿಪ್ಪೆ ದಾಟಿ ಒಳಗೆ ಹೋಗುತ್ತದೆ. ಇದನ್ನೇ ಆಸ್ಮೋಸಿಸ್ ಅನ್ನುವುದು. ಟೊಮೆಟೊ ಗಿಡಕ್ಕೆ ಕೆಲವು ದಿನ ನೀರು ಕಡಿಮೆಯಾದರೆ ಹಣ್ಣಿನೊಳಗಿನ ರಸ ದಟ್ಟವಾಗುತ್ತದೆ. ಬಿಸಿಲಿನಲ್ಲಿ ಬೆಳೆದ ಹಣ್ಣು ಸಿಹಿಯಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ಅದೇ ಸಿಹಿ ನೀರನ್ನು ಎಳೆದುಕೊಳ್ಳಲು ಕಾದು ಕೂತಿರುತ್ತದೆ. ಹಣ್ಣಿಗೆ ಬರುವ ನೀರಿನ ಬಹುಪಾಲು, ಎಲೆಯಿಂದ ಸಕ್ಕರೆ ಹೊತ್ತು ತರುವ ನಾಳಗಳಲ್ಲೇ ಹರಿದು ಬರುತ್ತದೆ. ಬೇರಿನ ಬುಡದಲ್ಲಿ ದಿಢೀರ್ ಅಂತ ನೀರು ಸಿಕ್ಕರೆ ಆ ಹರಿವು ಕೆಲವೇ ಗಂಟೆಗಳಲ್ಲಿ ಹೆಚ್ಚಾಗುತ್ತದೆ.

ಬಂದ ನೀರು ಹೊರಗೆ ಹೋಗಬಹುದಲ್ಲ ಅಂತ ಕೇಳಬಹುದು. ಎಲೆಗೆ ಆ ದಾರಿ ಇದೆ. ಎಲೆಯ ತುಂಬ ಪತ್ರರಂಧ್ರಗಳು, ಅವುಗಳಿಂದ ಹಗಲೆಲ್ಲ ನೀರು ಆವಿಯಾಗುತ್ತದೆ. ಟೊಮೆಟೊ ಹಣ್ಣಿನ ಮೈಮೇಲೆ ಅಂಥ ರಂಧ್ರ ಒಂದೂ ಇಲ್ಲ. ಒಳಗೆ ಬಂದದ್ದು ಒಳಗೇ. ಅದರ ಮೇಲೆ, ಮಳೆ ಬಿದ್ದ ರಾತ್ರಿ ಗಾಳಿಯಲ್ಲಿ ತೇವ ತುಂಬಿರುತ್ತದೆ, ಎಲೆಗಳ ರಂಧ್ರಗಳೂ ಮುಚ್ಚಿಕೊಂಡಿರುತ್ತವೆ. ಬೇರು ಮಾತ್ರ ನೀರು ಹೀರುತ್ತಲೇ ಇರುತ್ತದೆ. ಬೆಳಿಗ್ಗೆ ಟೊಮೆಟೊ ಎಲೆಯ ಅಂಚಿನಲ್ಲಿ ಸಾಲಾಗಿ ಸಣ್ಣ ಹನಿಗಳು ಕೂತಿರುವುದನ್ನು ಗಮನಿಸಿದ್ದೀರಾ? ಎಲ್ಲವೂ ಇಬ್ಬನಿಯಲ್ಲ. ಬೇರು ಕೆಳಗಿನಿಂದ ಒತ್ತಿ ಕಳಿಸಿದ ನೀರೂ ಎಲೆಯಂಚಿನಿಂದ ಹೀಗೆ ಹೊರಗೆ ಬರುತ್ತದೆ. ಅದೇ ಒತ್ತಡ ಹಣ್ಣಿನ ಮೇಲೂ ಇರುತ್ತದೆ. ಸಂಜೆ ಚೆನ್ನಾಗಿದ್ದ ಹಣ್ಣು ಬೆಳಿಗ್ಗೆ ಬಿರಿದಿರುವುದು ಹೀಗೆ.

ಇನ್ನು ಸಿಪ್ಪೆಯ ಕಥೆ. ಒಂದು ಟೊಮೆಟೊವನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಸಿಪ್ಪೆ ಸುಲಿದು ಬೆಳಕಿಗೆ ಹಿಡಿದು ನೋಡಿ. ಕೆಂಪು ಇರುವುದಿಲ್ಲ, ತೆಳು ಹಳದಿ ಹಾಳೆ ಥರ ಕಾಣುತ್ತದೆ. ಕೆಂಪೆಲ್ಲ ಒಳಗಿನ ತಿರುಳಿನದು. ಆ ಹಾಳೆಯ ಹೊರಪದರ ಮೇಣದಂಥ ವಸ್ತುವಿನಿಂದ ಆಗಿದೆ. ದಪ್ಪ ಒಂದು ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ. ಹಣ್ಣಾಗುವಾಗ ಇದರಲ್ಲಿ ಹಳದಿ ಬಣ್ಣದ ವಸ್ತುಗಳು ಸೇರಿಕೊಳ್ಳುತ್ತವೆ, ಪದರ ಗಡುಸಾಗುತ್ತದೆ, ಹಿಗ್ಗುವ ಗುಣ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಒಳಗಡೆ ಜೀವಕೋಶಗಳನ್ನು ಅಂಟಿಸಿ ಹಿಡಿದಿದ್ದ ಪೆಕ್ಟಿನ್ ಕರಗತೊಡಗುತ್ತದೆ. ಹಣ್ಣು ಮೆತ್ತಗಾಗುವುದು ಅಂದರೆ ಇದೇ. ಹೊರಗಿನ ಹಾಳೆ ಹಿಗ್ಗುವುದಿಲ್ಲ, ಒಳಗಿನ ಅಂಟು ಸಡಿಲ. ಇಂಥ ಹೊತ್ತಲ್ಲಿ ಹಣ್ಣಿನ ಗಾತ್ರ ನೂರಕ್ಕೆ 10ರಷ್ಟು ಹೆಚ್ಚಿದರೆ ಸಿಪ್ಪೆ ನೂರಕ್ಕೆ ಆರೂವರೆಯಷ್ಟು ಅಗಲವಾಗಬೇಕು. ಆಗಲಿಲ್ಲ ಅಂದ್ರೆ ಸೀಳಲೇಬೇಕು. ಕಾಯಿ ತಡೆದುಕೊಳ್ಳುವ ಮಳೆಯನ್ನು ಹಣ್ಣು ತಡೆದುಕೊಳ್ಳದಿರುವುದು ಇದಕ್ಕೇ.

ಪೆಕ್ಟಿನ್ ಕತ್ತರಿಸುವ ಕಿಣ್ವವೊಂದನ್ನು ತಗ್ಗಿಸಿದ ಟೊಮೆಟೊ 1994ರಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತ್ತು, ಬೇಗ ಮೆತ್ತಗಾಗದಿರಲಿ ಅನ್ನುವ ಉದ್ದೇಶದಿಂದ. 2019ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಆ ಕಿಣ್ವವನ್ನೂ, ಕೋಶಗಳ ಗೋಡೆ ಸಡಿಲಿಸುವ ಇನ್ನೊಂದು ಪ್ರೋಟೀನನ್ನೂ ಒಟ್ಟಿಗೆ ತಗ್ಗಿಸಿದಾಗ ಹಣ್ಣು ಬಿರಿಯುವುದು ಕಡಿಮೆಯಾಯಿತು. ನಮ್ಮ ತಾರಸಿಗೆ ಇದರಿಂದ ಸದ್ಯಕ್ಕೆ ಉಪಯೋಗವಿಲ್ಲ, ಆದರೆ ಕಾರಣ ಮಾತ್ರ ಸ್ಪಷ್ಟವಾಗುತ್ತದೆ.

ಸೀಳಿನಲ್ಲೂ ಎರಡು ಬಗೆ. ತೊಟ್ಟಿನಿಂದ ಕೆಳಗೆ ನೇರ ಇಳಿಯುವುದು ಒಂದು. ಹಣ್ಣಾಗುವಾಗ ಬರುವ ಇದು ಆಳವಾಗಿರುತ್ತದೆ. ತೊಟ್ಟಿನ ಸುತ್ತ ಬಳೆಯಂತೆ ಬರುವುದು ಇನ್ನೊಂದು. ಹೆಚ್ಚಾಗಿ ಬಲಿತ ಹಸಿರು ಕಾಯಿಯಲ್ಲೇ ಶುರುವಾಗಿ, ಒಣಗಿ, ಕಂದು ಗೆರೆಯಾಗಿ ಉಳಿಯುತ್ತದೆ. ಬಳೆ ಸೀಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಚೀಲದಲ್ಲಿ ಬೆಳೆಯುವ ನಮ್ಮ ಕಷ್ಟ ನೆಲದಲ್ಲಿ ಬೆಳೆಯುವವರಿಗಿಂತ ಜಾಸ್ತಿ. ಲೆಕ್ಕ ಹಾಕಿ ನೋಡಿ. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಒಂದಡಿ ಅಗಲದ ಚೀಲದ ಬಾಯಿಗೆ, ಒಂದು ಸಂಜೆ 50 ಮಿಲಿಮೀಟರ್ ಮಳೆ ಬಿದ್ದರೆ, ಮೂರೂವರೆ ಲೀಟರಿನಷ್ಟು ನೀರು ಬೀಳುತ್ತದೆ. ದಿನಾ ಒಂದು ಲೀಟರ್ ಕುಡಿಯುವ ಗಿಡಕ್ಕೆ ಮೂರು ದಿನದ ನೀರು ಒಂದೆರಡು ಗಂಟೆಯಲ್ಲಿ ಸಿಕ್ಕಿತು. ಹಾಗೇ ಬಿಸಿಲಿಗೆ ಆ ಚೀಲ ಒಂದೇ ದಿನದಲ್ಲಿ ಒಣಗಿಯೂ ಬಿಡುತ್ತದೆ. ನೆಲದ ಮಣ್ಣಿಗೆ ಇಷ್ಟು ಏರಿಳಿತ ಇಲ್ಲ.

ಹಾಗಾಗಿ ಈಗ ನಾನು ಮಾಡುವುದು ಹಿಂದಿನದಕ್ಕೆ ತದ್ವಿರುದ್ಧ. ಮೋಡ ಕಂಡರೂ ನೀರು ನಿಲ್ಲಿಸುವುದಿಲ್ಲ. ಬೆಳಿಗ್ಗೆ ಬೆರಳು ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡುತ್ತೇನೆ. ತೇವ ಇದ್ದರೆ ಬಿಟ್ಟೆ, ಒಣಗಿದ್ದರೆ ಹಾಕಿದೆ. ಮಳೆಗೆ ಮೊದಲೇ ಮಣ್ಣು ಹದವಾಗಿದ್ದರೆ ಹಣ್ಣಿನೊಳಗಿನ ರಸವೂ ಅಷ್ಟು ದಟ್ಟವಾಗಿರುವುದಿಲ್ಲ, ಎಳೆತವೂ ಕಡಿಮೆ. ಊರಿಗೆ ಹೋಗಿ ಬಂದಾಗ ಚೀಲ ಪೂರ್ತಿ ಒಣಗಿದ್ದರೆ ಒಂದು ಲೋಟ ನೀರು, ಅರ್ಧ ಗಂಟೆ ಬಿಟ್ಟು ಇನ್ನೊಂದು, ಉಳಿದದ್ದು ಮರುದಿನ. ಮಣ್ಣು ಪೂರ್ತಿ ಒಣಗಿ ಕುಗ್ಗಿದ್ದರಂತೂ ಹೀಗೇ ಮಾಡಬೇಕು, ಯಾಕಂದ್ರೆ ಒಮ್ಮೆಲೇ ಸುರಿದ ನೀರಿನ ಬಹುಪಾಲು ಅಂಚಿನಿಂದ ಇಳಿದು ತಳದಿಂದ ಹೋಗುತ್ತದೆ.

ಮಣ್ಣಿನ ಮೇಲೆ ಹೊದಿಕೆ ಬೇಕೇ ಬೇಕು. ಎರಡು ಮೂರು ಇಂಚು ಒಣ ಎಲೆ ಸಾಕು. ಆಜಿ ಮಗನ ಕೈಲಿ ರಸವಂತಿ ಅಂಗಡಿಯಿಂದ ಕಬ್ಬಿನ ಸಿಪ್ಪೆ ತರಿಸಿಕೊಡುತ್ತಾರೆ. ಅದನ್ನು ತೊಳೆದು ಒಣಗಿಸಿಯೇ ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಸಾಧ್ಯವಿದ್ದರೆ ಮಳೆ ಬರುವ ಮೊದಲು ಚೀಲಗಳನ್ನು ಸಜ್ಜೆಯ ಕೆಳಗೆ ಎಳೆದಿಡಿ. ತೊಟ್ಟಿನ ಸುತ್ತ ನಿಂತ ನೀರು ಸಣ್ಣ ಬಿರುಕುಗಳಿಂದ ನೇರವಾಗಿಯೂ ಒಳಗೆ ಇಳಿಯುತ್ತದೆ, ಅದಾದರೂ ತಪ್ಪುತ್ತದೆ.

ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ಬಿರಿಯುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ಕ್ಯಾಲ್ಸಿಯಂ ಜೀವಕೋಶದ ಗೋಡೆಗೆ ಬಲ ಕೊಡುವುದು ನಿಜ. ಆದರೆ ಚಿಪ್ಪು ಮಣ್ಣಿನಲ್ಲಿ ಕರಗುವುದು ಬಹಳ ನಿಧಾನ, ಈ ವಾರದ ಹಣ್ಣಿಗೆ ಅದು ದಕ್ಕುವುದಿಲ್ಲ. ಕ್ಯಾಲ್ಸಿಯಂ ಸಾಗುವುದೂ ಬೇರಿನಿಂದ ಏರುವ ನೀರಿನ ಜೊತೆಗೇ, ಅದರಲ್ಲೂ ಹೆಚ್ಚಿನದು ಎಲೆಗೆ ಹೋಗುತ್ತದೆ. ನೀರು ಒಂದೇ ಸಮ ಸಿಗುತ್ತಿದ್ದರೆ ಮಣ್ಣಿನಲ್ಲಿ ಇರುವ ಕ್ಯಾಲ್ಸಿಯಂ ಹಣ್ಣಿಗೂ ಮುಟ್ಟುತ್ತದೆ. ಇನ್ನೊಂದು, ಹಣ್ಣಿಗೆ ಬಿಸಿಲು ಬೀಳಲಿ ಅಂತ ಎಲೆ ಸವರಬೇಡಿ. ಬಿಸಿಲಿಗೆ ಕಾದ ಹಣ್ಣು ಇನ್ನೂ ಬೇಗ ಸೀಳುತ್ತದೆ.

ಎಲ್ಲಕ್ಕಿಂತ ನಂಬಬಹುದಾದ ಉಪಾಯ ಒಂದಿದೆ. ದೋರೆಗಾಯಿ ಇರುವಾಗಲೇ ಕೀಳುವುದು. ಹಣ್ಣಿನ ತುದಿಯಲ್ಲಿ ಹಸಿರು ಹೋಗಿ ತೆಳು ಗುಲಾಬಿ ಬಣ್ಣ ಕಂಡಿತು ಅಂದರೆ ಸಾಕು. ಆಗ ಕಿತ್ತರೂ ಅದು ತಾನೇ ಹಣ್ಣಾಗಿಸುವ ಎಥಿಲೀನ್ ಅನಿಲ ಬಿಡುತ್ತಾ ಮನೆಯೊಳಗೆ ಪೂರ್ತಿ ಹಣ್ಣಾಗುತ್ತದೆ, ರುಚಿಯಲ್ಲೂ ಹೇಳುವಂಥ ವ್ಯತ್ಯಾಸ ಇಲ್ಲ. ಕಿಟಕಿಯ ಬಿಸಿಲಿನಲ್ಲಿ ಇಡಬೇಡಿ. 30 ಡಿಗ್ರಿ ದಾಟಿದರೆ ಕೆಂಪು ಬಣ್ಣದ ಲೈಕೋಪೀನ್ ಸರಿಯಾಗಿ ತಯಾರಾಗುವುದಿಲ್ಲ, ಹಣ್ಣು ಹಳದಿಯಾಗಿಯೇ ಉಳಿಯಬಹುದು. ಫ್ರಿಜ್ಜೂ ಬೇಡ, ತಣ್ಣಗಾದರೆ ಘಮ ಹೋಗುತ್ತದೆ. ಅಡುಗೆಮನೆಯ ನೆರಳಲ್ಲಿ ಬುಟ್ಟಿಯಲ್ಲಿಡಿ, ಬೇಗ ಬೇಕಿದ್ದರೆ ಜೊತೆಗೊಂದು ಬಾಳೆಹಣ್ಣು ಇಡಿ. ಮಳೆ ಮುನ್ಸೂಚನೆ ಬಂದ ದಿನ ನಾನು ಮಧ್ಯಾಹ್ನವೇ ಮೇಲೆ ಹೋಗಿ ಬಣ್ಣ ತಿರುಗಿದ್ದನ್ನೆಲ್ಲ ಕಿತ್ತು ತರುತ್ತೇನೆ. ಸಣ್ಣ ಚೆರ್ರಿ ಟೊಮೆಟೊಗಳನ್ನು ಮೊದಲು ಕೀಳಿ. ಅವು ಸಿಹಿ ಜಾಸ್ತಿ, ಸಿಪ್ಪೆ ತೆಳು, ಮಳೆಗೆ ಬೇಗ ಒಡೆಯುತ್ತವೆ. ಉದ್ದನೆಯ, ದಪ್ಪ ಸಿಪ್ಪೆಯ ತಳಿಗಳು ಸ್ವಲ್ಪ ತಡೆಯುತ್ತವೆ.

ಇಷ್ಟಾದರೂ ಕೆಲವು ಬಿರಿದೇ ಬಿರಿಯುತ್ತವೆ. ಬೆಳಿಗ್ಗೆ ಕಂಡ ಹೊಸ ಸೀಳಿನ ಹಣ್ಣನ್ನು ಆಗಲೇ ಕಿತ್ತುಬಿಡಿ, ಗಿಡದಲ್ಲಿ ಬಿಟ್ಟರೆ ಮಧ್ಯಾಹ್ನದೊಳಗೆ ಸಣ್ಣ ನೊಣ ಬರುತ್ತವೆ, ಹಿಂದೆಯೇ ಬೂಸ್ಟು. ತೊಳೆದು, ಸೀಳಿನ ಭಾಗ ಕತ್ತರಿಸಿ ತೆಗೆದು, ಅದೇ ದಿನ ಸಾರಿಗೋ ಗೊಜ್ಜಿಗೋ ಹಾಕಿ. ಒಣಗಿದ ಕಂದು ಗೆರೆ ಇರುವ ಹಣ್ಣನ್ನು ಎಂದಿನಂತೆ ತಿನ್ನಬಹುದು. ಹುಳಿ ವಾಸನೆ ಬಂದರೆ, ಸೀಳಿನಲ್ಲಿ ಬಿಳಿ ಅಥವಾ ಕಪ್ಪು ಬೂಸ್ಟು ಕಂಡರೆ ಇಡೀ ಹಣ್ಣನ್ನೇ ಗೊಬ್ಬರದ ಗುಂಡಿಗೆ ಹಾಕಿ, ಮೆತ್ತಗಿನ ಹಣ್ಣಿನಲ್ಲಿ ಬೂಸ್ಟಿನ ಎಳೆಗಳು ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಹೋಗಿರುತ್ತವೆ. ಹಸಿರು ಕಾಯಿ ಹೊಸದಾಗಿ ಸೀಳಿದ್ದರೆ ಅದು ನಮ್ಮ ಮನೆಯಲ್ಲಿ ಹಸಿಮೆಣಸಿನಕಾಯಿ, ಹುರಿದ ಶೇಂಗಾ ಹಾಕಿದ ಚಟ್ನಿಯಾಗುತ್ತದೆ. ಜೋಳದ ರೊಟ್ಟಿ ಜೊತೆ ತುಂಬ ಚೆನ್ನಾಗಿರುತ್ತದೆ, ಆಜಿಗೂ ಒಂದು ಬಟ್ಟಲು ಹೋಗುತ್ತದೆ.